ಅಮ್ಮನ ಮುಖ ಹಿಡಿಯೋ ಫೋನು ಅಮ್ಮನಿಗೆ ಏನು ಹೇಳುತ್ತೆ?

ನಮಸ್ಕಾರ. ಇವತ್ತು ಸ್ವಲ್ಪ ಜಗಳದ ಮಾತಿದೆ.

ಮಗುವಿನ ಆಹಾರದ ಪ್ಯಾಕೆಟ್ ತಗೊಂಡು ಹೋಗೋಕೆ ತಾಯಿ ಅಂಗನವಾಡಿಗೆ ಬರ್ತಾಳೆ. ಕಾರ್ಯಕರ್ತೆ ಫೋನ್ ಎತ್ತಿ ಅವಳ ಮುಖದ ಫೋಟೋ ಹಿಡೀತಾರೆ. 2025ರ ಜುಲೈನಿಂದ, ಅಂಗನವಾಡಿ ಲೆಕ್ಕ ಇಡೋ ಕೇಂದ್ರದ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಮುಖದ ಗುರುತು ಕಡ್ಡಾಯ. ಮಳೆಗಾಲದಲ್ಲಿ ಕರೆಂಟು ಹೋದ್ರೆ ಟವರೂ ಹೋಗೋ ನಮ್ಮ ಕೊಡಗಲ್ಲಿ ಇದು ಎಷ್ಟು ಸಲೀಸು ಅಂತ ನಿಮಗೆ ಬಿಡಿಸಿ ಹೇಳಬೇಕಾ? ಇರಲಿ, ನನ್ನ ತಕರಾರು ಅದಲ್ಲ. ಆ ಫೋನು ತಾಯಿಯ ಹೆಸರು, ಆಧಾರ್, ತೂಕ, ಮುಖ ಎಲ್ಲಾ ತಗೊಳ್ತು. ತಿರುಗಿ ಅವಳಿಗೆ ಏನು ಕೊಡ್ತು?

ಕೊಡೋಕೆ ಆಗಲ್ಲ ಅಂತೇನಿಲ್ಲ. ಕೇಂದ್ರದ ಕಿಲ್ಕಾರಿ ಯೋಜನೆ 2016ರಲ್ಲೇ ಶುರುವಾಗಿದೆ. ಗರ್ಭಿಣಿಗೆ ನಾಲ್ಕನೇ ತಿಂಗಳಿಂದ ಹಿಡಿದು ಮಗುವಿಗೆ ಒಂದು ವರ್ಷ ತುಂಬೋವರೆಗೆ ವಾರಕ್ಕೊಂದು ಆರೋಗ್ಯ ಸಲಹೆಯ ಕರೆ, ಒಟ್ಟು 72. ಡಾಕ್ಟರ್ ಅನಿತಾ ಅನ್ನೋ ಕಾಲ್ಪನಿಕ ವೈದ್ಯೆ ಮಾತಾಡ್ತಾರೆ. ಓದು ಬರಬೇಕಿಲ್ಲ, ಸ್ಮಾರ್ಟ್‌ಫೋನೂ ಬೇಡ. ಐಡಿಯಾ ಚೆನ್ನಾಗಿದೆ. ಆದರೆ ಮಧ್ಯಪ್ರದೇಶದಲ್ಲಿ ಸಂಶೋಧಕರು ಅಳೆದು ನೋಡಿದಾಗ ಕರೆ ಬಂದವರಲ್ಲಿ ಗರ್ಭನಿರೋಧಕಗಳ ಬಳಕೆ ಸ್ವಲ್ಪ ಹೆಚ್ಚಿತ್ತು. ಆರು ತಿಂಗಳು ಎದೆಹಾಲು ಮಾತ್ರ ಕೊಡೋ ವಿಚಾರದಲ್ಲಿ ಹೇಳಿಕೊಳ್ಳೋ ಬದಲಾವಣೆ ಕಾಣಲಿಲ್ಲ. ಕರೆ ಮಾಡಿಬಿಟ್ರೆ ಕೆಲಸ ಮುಗೀತು ಅನ್ನೋರು ಇದನ್ನ ನೆನಪಿಟ್ಟುಕೊಳ್ಳಲಿ.

ಯಾಕೆ ಹಾಗಾಗುತ್ತೆ? ಮೊದಲು ಫೋನ್ ಯಾರ ಕೈಲಿದೆ ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ (2019-21) ಪ್ರಕಾರ ದೇಶದಲ್ಲಿ ತಾವೇ ಬಳಸೋ ಮೊಬೈಲ್ ಇದ್ದ ಹೆಂಗಸರು ಸುಮಾರು 54%. ಉಳಿದವರ ಕರೆ ಗಂಡನ ಜೇಬಲ್ಲಿ ರಿಂಗಾಗುತ್ತೆ. ಕಾಫಿ ಕುಯ್ಲಿನ ದಿನಗಳಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಕರೆ ಮಾಡಿದ್ರೆ ತೋಟದ ಕೂಲಿಯವರ ಲೈನ್ ಮನೆಯಲ್ಲಿ ಎತ್ತೋರೇ ಇರಲ್ಲ, ಎಲ್ಲರೂ ತೋಟದಲ್ಲಿರ್ತಾರೆ.

ಆಮೇಲೆ ಭಾಷೆ. ಕೊಡವ ತಕ್ಕ್, ಅರೆಭಾಷೆ, ಹಾಡಿಗಳಲ್ಲಿ (ಆದಿವಾಸಿಗಳ ಊರುಗಳಲ್ಲಿ) ಯರವ ಮಾತು, ಜೇನುಕುರುಬರ ಮಾತು, ಅಂಗಡಿಬೀದಿಯಲ್ಲಿ ಮಲಯಾಳಂ, ಈಗ ತೋಟಗಳಿಗೆ ಅಸ್ಸಾಮಿಂದ ಬಂದವರು ಬೇರೆ. ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತು ಪಠ್ಯಪುಸ್ತಕದ ಕನ್ನಡದಲ್ಲಿ 'ಪೌಷ್ಟಿಕಾಂಶಯುಕ್ತ ಆಹಾರ ಸೇವಿಸಿ' ಅಂದ್ರೆ ತಿತಿಮತಿ ಹತ್ತಿರದ ಹಾಡಿಯ ಹುಡುಗಿಗೆ ಯಾರು ಯಾರಿಗೆ ಹೇಳ್ತಿದಾರೆ ಅಂತಲೇ ಗೊತ್ತಾಗಲ್ಲ.

ಒಂದೇ ಒಂದು ಸಂಗತಿ ತಗೊಳ್ಳಿ, ಕಬ್ಬಿಣಾಂಶದ ಮಾತ್ರೆ. ಕಾಫಿ, ಟೀ ಜೊತೆ ನುಂಗಿದ್ರೆ ಅದು ಮೈಗೆ ಸರಿಯಾಗಿ ಹತ್ತಲ್ಲ. ನಮ್ಮಲ್ಲಿ ಬೆಳಗ್ಗೆ ಎದ್ದ ಕೂಡಲೆ ಬೆಲ್ಲದ ಕಾಫಿ. ಮಾತ್ರೆಯೂ ಅದರ ಹಿಂದೇನೇ ಹೋಗುತ್ತೆ. ಹಾಗಾಗಿ ಕೊಡಗಿಗೆ ಬೇಕಾದ ಸಂದೇಶ 'ಮಾತ್ರೆ ತಪ್ಪಿಸಬೇಡಿ' ಅಷ್ಟೇ ಅಲ್ಲ. 'ಅಕ್ಕಾ, ಮಾತ್ರೆ ರಾತ್ರಿ ಊಟ ಆದ್ಮೇಲೆ ತಗೊ, ಕಾಫಿ ಜೊತೆ ಮಾತ್ರ ಬೇಡ. ಮಲ ಕಪ್ಪಗಾದ್ರೆ ಹೆದರಬೇಡ.' ಇಷ್ಟು ಹೇಳೋಕೆ ಅರ್ಧ ನಿಮಿಷ ಸಾಕು. ಆದರೆ ಬರೆಯೋನಿಗೆ ಇಲ್ಲಿನ ಅಡುಗೆಮನೆ ಗೊತ್ತಿರಬೇಕಲ್ಲ!

ಇನ್ನು, ಕರೆ ಬರೀ ಹೇಳಿದ್ರೆ ಸಾಲದು, ಕೇಳಿಸಿಕೊಳ್ಳಲೂ ಬೇಕು. ತಲೆನೋವು, ಕಣ್ಣು ಮಂಜು, ಮುಖ ಊತ, ರಕ್ತ ಹೋಗೋದು, ಮಗು ಒದೆಯೋದು ಕಮ್ಮಿ ಆಗೋದು, ಇವನ್ನೆಲ್ಲಾ ಕೇಳಿಸಿಕೊಂಡ ಹೆಂಗಸಿಗೆ ತಕ್ಷಣ ಒಂದು ಗುಂಡಿ ಒತ್ತಿದ್ರೆ ತನ್ನೂರಿನ ಆಶಾಗೋ ನರ್ಸಿಗೋ ಮಾತು ಸಿಗಬೇಕು. ಇಲ್ಲದಿದ್ರೆ ನಾವು ಕೊಟ್ಟಿದ್ದು ಮಾಹಿತಿಯಲ್ಲ, ಬರೀ ಭಯ. 2018ರ ಆಗಸ್ಟಲ್ಲಿ ಗುಡ್ಡ ಕುಸಿದು ದಾರಿಯೇ ಇಲ್ಲದಾಗ ಏನಾಯ್ತು ಅಂತ ಇಲ್ಲಿ ಯಾರೂ ಮರೆತಿಲ್ಲ. ಕಕ್ಕಡದ (ಜುಲೈ-ಆಗಸ್ಟಿನ ಕೊಡವ ತಿಂಗಳು) ಮಳೆಯಲ್ಲಿ ದಿನ ತುಂಬೋ ಗರ್ಭಿಣಿಗೆ 'ಮಳೆ ಜೋರಾಗೋ ಮುಂಚೆ ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ನೆಂಟರ ಮನೆ ಸೇರ್ಕೊ' ಅಂತ ಜೂನಲ್ಲೇ ಹೇಳೋ ಕರೆ ಬೇಕು. ನೆಟ್‌ವರ್ಕ್ ಸತ್ತ ದಿನಕ್ಕೆ ರೇಡಿಯೋ ಇದೆ. ಮಡಿಕೇರಿ ಆಕಾಶವಾಣಿ, 103.1.

ಈ ಕರೆಗಳಿಗೆ ದನಿ ಯಾರದ್ದು ಅಂದ್ರೆ, ನನ್ನ ಓಟು ಆಶಾ ಕಾರ್ಯಕರ್ತೆಯರಿಗೆ. ಹಾಡಿಯ ಮಾತು ಬಲ್ಲೋರೇ ರೆಕಾರ್ಡ್ ಮಾಡಲಿ. ಆದರೆ 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಧರಣಿ ಕೂತಾಗ ಇಟ್ಟ ಬೇಡಿಕೆಗಳಲ್ಲಿ ಒಂದು, ಪ್ರೋತ್ಸಾಹಧನವನ್ನ ಸರ್ಕಾರದ ಆನ್‌ಲೈನ್ ಪೋರ್ಟಲಿಗೆ ಗಂಟು ಹಾಕಬೇಡಿ ಅನ್ನೋದು. ಹಾಗಾಗಿ ಈ ರೆಕಾರ್ಡಿಂಗ್ ಕೆಲಸಕ್ಕೆ ಅವರ ಕೈಗೆ ಬೇರೆಯಾಗಿ ದುಡ್ಡು ಬರಲಿ, ಇನ್ನೊಂದು ಆ್ಯಪ್ ಇಲ್ಲದೇನೇ.