ಒಂದು ಪತ್ರಿಕೆಯನ್ನು ಬಿಟ್ಟ ಊರು: ಮಾಲೀಕನ ಮಾತು ಓದುಗನಿಗೆ ಎಷ್ಟು ಅಂಟುತ್ತದೆ?

[ದೃಶ್ಯ: ಬೆಳಗಿನ ಹೊತ್ತು, ಪೇಪರ್ ಅಂಗಡಿ. ಕಟ್ಟು ಬಿಚ್ಚುವ ಕೈಗಳು.]

ನಮಸ್ಕಾರ. 1989ರ ಏಪ್ರಿಲ್ 19, ಬುಧವಾರ. ಇಂಗ್ಲೆಂಡಿನ ಲಿವರ್‌ಪೂಲ್ ನಗರ. ಬೆಳಿಗ್ಗೆ ಪೇಪರ್ ತರಲು ಹೋದವರಿಗೆ 'ದಿ ಸನ್' ಪತ್ರಿಕೆಯ ಮುಖಪುಟದಲ್ಲಿ ದಪ್ಪಕ್ಷರದ ಎರಡು ಪದ ಕಂಡವು: 'ದಿ ಟ್ರೂತ್'. ಅಂದರೆ ಇದೇ ಸತ್ಯ ಅಂತ.

ಅದಕ್ಕೆ ನಾಲ್ಕು ದಿನ ಮುಂಚೆ, ಶನಿವಾರ, ಶೆಫೀಲ್ಡ್ ಊರಿನ ಹಿಲ್ಸ್‌ಬರೋ ಮೈದಾನದಲ್ಲಿ ಫುಟ್‌ಬಾಲ್ ಸೆಮಿಫೈನಲ್ ಇತ್ತು. ಲಿವರ್‌ಪೂಲ್ ತಂಡದ ಅಭಿಮಾನಿಗಳು ನಿಲ್ಲುವ ಜಾಗಕ್ಕೆ ಕಬ್ಬಿಣದ ಬೇಲಿ ಹಾಕಿ ಭಾಗ ಮಾಡಿದ್ದರು. ಹೊರಗೆ ನೂಕುನುಗ್ಗಲು ಜಾಸ್ತಿಯಾದಾಗ ಪೊಲೀಸರು ದೊಡ್ಡ ಗೇಟೊಂದನ್ನು ತೆರೆಸಿದರು. ಒಳಗೆ ಬಂದ ಜನ ನೇರ ನಡುವಿನ ಭಾಗಕ್ಕೆ ಹೋದರು. ಅಲ್ಲಿ ಆಗಲೇ ಕಾಲಿಡಲು ಜಾಗ ಇರಲಿಲ್ಲ. ಮುಂದಿದ್ದವರು ಬೇಲಿಗೆ ಒತ್ತಿಕೊಂಡು ಉಸಿರುಗಟ್ಟಿದರು. ಸತ್ತವರು ಒಟ್ಟು 97 ಜನ. ಅವರಲ್ಲಿ ಎಲ್ಲರಿಗಿಂತ ಚಿಕ್ಕ ಹುಡುಗನಿಗೆ 10 ವರ್ಷ.

'ಸತ್ಯ' ಅನ್ನುವ ಆ ತಲೆಬರಹದ ಕೆಳಗೆ ಏನಿತ್ತು ಗೊತ್ತಾ? ಅಭಿಮಾನಿಗಳು ಸಾಯುತ್ತಿದ್ದವರ ಜೇಬಿಗೆ ಕೈ ಹಾಕಿದರು. ಪೊಲೀಸರ ಮೇಲೆ ಮೂತ್ರ ಮಾಡಿದರು. ಬಿದ್ದವರ ಬಾಯಿಗೆ ಉಸಿರು ಕೊಡುತ್ತಿದ್ದ ಪೊಲೀಸನಿಗೇ ಹೊಡೆದರು. ಎಲ್ಲವೂ ಸುಳ್ಳು. ಅದೇ ವರ್ಷ ಆಗಸ್ಟ್‌ನಲ್ಲಿ ನ್ಯಾಯಮೂರ್ತಿ ಟೇಲರ್ ಅವರ ಮಧ್ಯಂತರ ವರದಿ, ದುರಂತಕ್ಕೆ ಮುಖ್ಯ ಕಾರಣ ಪೊಲೀಸರು ಹಿಡಿತ ಕಳೆದುಕೊಂಡಿದ್ದು ಎಂದು ಬರೆಯಿತು.

ಈ ಸುಳ್ಳಿನ ಜೊತೆ ಒಂದು ದೊಡ್ಡ ಪ್ರಶ್ನೆಯೂ ಇದೆ. ಪತ್ರಿಕೆ ಯಾರದ್ದೋ ಅವರ ಮಾತು ಓದುಗರ ತಲೆಗೆ ಇಳಿಯುತ್ತದಾ? ಅಥವಾ ಓದುಗ ತನಗೆ ಬೇಕಾದದ್ದನ್ನಷ್ಟೇ ತೆಗೆದುಕೊಳ್ಳುತ್ತಾನಾ? ಸಮಾಜಶಾಸ್ತ್ರದಲ್ಲಿ ಇದು ಹಳೇ ಜಗಳ.

[ದೃಶ್ಯ: ಪರದೆಯ ಮೇಲೆ ಮೂರು ಪತ್ರಿಕೆಗಳ ಹೆಸರು, ಒಂದೇ ಕೈಯಿಂದ ಹೊರಟ ಮೂರು ಗೆರೆ.]

ಮೊದಲು ಮಾಲೀಕರನ್ನು ನೋಡೋಣ. ರೂಪರ್ಟ್ ಮರ್ಡಾಕ್ 1969ರಲ್ಲಿ 'ದಿ ಸನ್' ಕೊಂಡರು. 1981ರಲ್ಲಿ 'ದಿ ಟೈಮ್ಸ್' ಮತ್ತು 'ಸಂಡೇ ಟೈಮ್ಸ್' ಕೊಂಡರು. ಮಾರ್ಕ್ಸ್ ದಾರಿಯಲ್ಲಿ ಯೋಚಿಸುವವರು ಹೇಳುವುದು ಇಷ್ಟು: ದುಡ್ಡು ಯಾರ ಕೈಯಲ್ಲೋ, ನಾಲ್ಕು ಜನಕ್ಕೆ ಮುಟ್ಟುವ ಮಾತೂ ಅವರ ಕೈಯಲ್ಲೇ. ಹಾಗಂತ ಮಾಲೀಕ ದಿನಾ ರಾತ್ರಿ ಫೋನ್ ಮಾಡಿ ತಲೆಬರಹ ಹೇಳಬೇಕಾಗಿಲ್ಲ. ಸಂಪಾದಕನನ್ನು ಕೂರಿಸುವವರು ಅವರು, ಎಬ್ಬಿಸುವವರೂ ಅವರು. ಯಜಮಾನರಿಗೆ ಯಾವುದು ಹಿಡಿಸುತ್ತದೆ ಅಂತ ಕೆಳಗಿನವರಿಗೆ ಹೇಳದೆಯೇ ಗೊತ್ತಿರುತ್ತದೆ. 2012ರಲ್ಲಿ, ಪತ್ರಿಕೆಗಳ ನಡತೆ ಕುರಿತ ಬ್ರಿಟನ್‌ನ ಲೆವಿಸನ್ ವಿಚಾರಣೆಯ ಮುಂದೆ ಮರ್ಡಾಕ್ ಅವರೇ ಒಂದು ಮಾತು ಹೇಳಿದರು. ದೊಡ್ಡ ವಿಷಯಗಳಲ್ಲಿ ನನ್ನ ಅಭಿಪ್ರಾಯ ಏನು ಅಂತ ರಾಜಕಾರಣಿಗಳಿಗೆ ಬೇಕಿದ್ದರೆ 'ಸನ್' ಪತ್ರಿಕೆಯ ಸಂಪಾದಕೀಯ ಓದಿದರೆ ಸಾಕಿತ್ತು ಎಂದು. ಇದಕ್ಕಿಂತ ನೇರವಾದ ಉತ್ತರ ಇನ್ನೇನು ಬೇಕು!

ಇನ್ನೊಂದು ಗುಂಪು ಇದನ್ನು ಒಪ್ಪುವುದಿಲ್ಲ. ಅವರನ್ನು ಬಹುತ್ವವಾದಿಗಳು ಅನ್ನುತ್ತಾರೆ. ಪತ್ರಿಕೆ ಮಾರಾಟವಾಗಬೇಕಲ್ಲ, ಓದುಗನಿಗೆ ಹಿಡಿಸದಿದ್ದರೆ ಅವನು ಕೊಳ್ಳುವುದಿಲ್ಲ, ಹಾಗಾಗಿ ನಿಜವಾದ ಯಜಮಾನ ಓದುಗನೇ ಅನ್ನುವುದು ಅವರ ವಾದ.

ಲಿವರ್‌ಪೂಲ್ ಅಕ್ಷರಶಃ ಅದನ್ನೇ ಮಾಡಿತು. ಜನ ಬೀದಿಯಲ್ಲಿ ಪತ್ರಿಕೆ ಸುಟ್ಟರು. ಅಂಗಡಿಯವರು ತರಿಸುವುದನ್ನೇ ನಿಲ್ಲಿಸಿದರು. ಮಾರಾಟ ದಬಕ್ಕನೆ ಬಿತ್ತು, ಮತ್ತೆ ಮೇಲೇಳಲೇ ಇಲ್ಲ. ವರ್ಷಗಳು ಉರುಳಿದರೂ ಅಂಗಡಿ ಬಾಗಿಲಿನಲ್ಲಿ, ಟ್ಯಾಕ್ಸಿ ಗಾಜಿನ ಮೇಲೆ ಈ ಪತ್ರಿಕೆ ಬೇಡ ಅನ್ನುವ ಸ್ಟಿಕ್ಕರ್ ಇರುತ್ತಿತ್ತು. 2017ರಲ್ಲಿ ಊರಿನ ಎರಡೂ ಫುಟ್‌ಬಾಲ್ ಕ್ಲಬ್‌ಗಳು, ಲಿವರ್‌ಪೂಲ್ ಮತ್ತು ಅದರ ಎದುರಾಳಿ ಎವರ್ಟನ್, ಆ ಪತ್ರಿಕೆಯ ವರದಿಗಾರರಿಗೆ ಬಾಗಿಲು ಹಾಕಿದವು.

ಆದರೆ ಒಂದು ನಿಮಿಷ. ಉಳಿದ ದೇಶದಲ್ಲಿ ಪತ್ರಿಕೆ ಎಂದಿನಂತೆ ಮಾರಾಟವಾಗುತ್ತಲೇ ಇತ್ತು. ಮುಖಪುಟದಲ್ಲಿ ದೊಡ್ಡದಾಗಿ ಕ್ಷಮೆ ಕೇಳಿದ್ದು 2012ರ ಸೆಪ್ಟೆಂಬರ್‌ನಲ್ಲಿ, ಸ್ವತಂತ್ರ ಸಮಿತಿಯೊಂದು ದಾಖಲೆಗಳನ್ನೆಲ್ಲ ಹೊರಗೆ ಹಾಕಿದ ಮೇಲೆ. 23 ವರ್ಷ! ಒಂದು ಊರು ಕೈತಪ್ಪಿದರೆ ಮಾಲೀಕನಿಗೆ ತಡೆದುಕೊಳ್ಳುವ ಶಕ್ತಿ ಇರುತ್ತದೆ. ಮಕ್ಕಳನ್ನು ಕಳೆದುಕೊಂಡ ತಾಯಿ ತಂದೆಯರಿಗೆ ಅಷ್ಟು ವರ್ಷ ಆ ಸುಳ್ಳಿನ ಜೊತೆಗೇ ಬದುಕಬೇಕಾಯಿತು. ಕೊಳ್ಳುವವನೇ ಯಜಮಾನ ಅನ್ನುವ ವಾದ ನನಗೆ ಪೂರ್ತಿ ಒಪ್ಪಿಗೆಯಾಗದಿರುವುದು ಇಲ್ಲೇ.

[ದೃಶ್ಯ: ಪಬ್‌ನಲ್ಲಿ ಮಾತಾಡುತ್ತ ಕೂತ ಜನ.]

ಲಿವರ್‌ಪೂಲ್ ಯಾಕೆ ನಂಬಲಿಲ್ಲ? ಕಣ್ಣಾರೆ ಕಂಡವರು ಪಕ್ಕದ ಮನೆಯಲ್ಲೇ ಇದ್ದರು. ಆ ಆಟಕ್ಕೆ ಅಣ್ಣ ಹೋಗಿದ್ದ, ಜೊತೆಗೆ ಕೆಲಸ ಮಾಡುವವರ ಮಗ ಹೋಗಿದ್ದ. ಸ್ಟುವರ್ಟ್ ಹಾಲ್ ಎಂಬ ಚಿಂತಕರು ಹುಟ್ಟಿದ್ದು ಜಮೈಕಾದಲ್ಲಿ, ಕೆಲಸ ಮಾಡಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. 1973ರಲ್ಲಿ ಅವರು ಹೇಳಿದ್ದು: ಕಳಿಸಿದವನು ತುಂಬಿದ ಅರ್ಥವನ್ನೇ ನೋಡುವವನು ತೆಗೆದುಕೊಳ್ಳುತ್ತಾನೆ ಅನ್ನುವ ಗ್ಯಾರಂಟಿ ಇಲ್ಲ. ಒಬ್ಬರು ಹಾಗೇ ಒಪ್ಪಬಹುದು. ಒಬ್ಬರು ಅರ್ಧ ಒಪ್ಪಬಹುದು. ಇನ್ನೊಬ್ಬರು ಪೂರ್ತಿ ತಿರುಗಿಸಿ ಓದಬಹುದು. ಅಮೆರಿಕದಲ್ಲಿ ಪಾಲ್ ಲಾಜರ್ಸ್‌ಫೆಲ್ಡ್ 1940ರ ಚುನಾವಣೆ ಹೊತ್ತಿನಲ್ಲಿ ಓಹಾಯೋ ರಾಜ್ಯದ ಒಂದು ಕೌಂಟಿಯ ಮತದಾರರನ್ನು ತಿಂಗಳುಗಟ್ಟಲೆ ಮಾತಾಡಿಸಿದ್ದರು. ರೇಡಿಯೋ, ಪತ್ರಿಕೆಗಿಂತ ಜಾಸ್ತಿ ಕೆಲಸ ಮಾಡಿದ್ದು ಸುತ್ತಲಿನವರ ಮಾತು. ನಮ್ಮ ಕಡೆ ಸಲೂನ್, ಅರಳಿಕಟ್ಟೆ ಇದ್ದ ಹಾಗೆ ಅವರಿಗೆ ಪಬ್ಬು, ಫುಟ್‌ಬಾಲ್ ಸ್ಟ್ಯಾಂಡು.

ಹಾಗಾದರೆ ಓದುಗ ಗಟ್ಟಿ, ಚಿಂತೆಯಿಲ್ಲ ಅಂತಲಾ? ಕಥೆಯ ಅಸಲು ಭಾಗ ಇನ್ನು ಬರುತ್ತದೆ.

[ದೃಶ್ಯ: ಡೊಂಕು ಬಾಳೆಹಣ್ಣು, ಕ್ಯಾಮೆರಾ ತೀರಾ ಹತ್ತಿರ.]

'ಸನ್' ಪತ್ರಿಕೆಗೆ ಯುರೋಪಿಯನ್ ಒಕ್ಕೂಟ ಅಂದರೆ ಆಗುತ್ತಿರಲಿಲ್ಲ. 1990ರ ನವೆಂಬರ್ 1ರ ಮುಖಪುಟದಲ್ಲಿ, ಎಲ್ಲರೂ ಮಧ್ಯಾಹ್ನ ಫ್ರಾನ್ಸ್ ಕಡೆ ಮುಖ ಮಾಡಿ ಯುರೋಪಿನ ಮುಖಂಡ ಡೆಲೋರ್ ಅವರನ್ನು ಬಯ್ಯಿರಿ ಅಂತ ಓದುಗರನ್ನು ಕರೆದಿತ್ತು. 1994ರಲ್ಲಿ ಬಾಳೆಹಣ್ಣಿನ ದರ್ಜೆಗೆ ಒಕ್ಕೂಟದಿಂದ ಒಂದು ನಿಯಮ ಬಂತು. ಅದರಲ್ಲಿ ವಿಪರೀತ ಡೊಂಕಿನ ಬಗ್ಗೆ ಒಂದು ಮಾತಿತ್ತು. ಬ್ರಿಟನ್‌ನ ಟ್ಯಾಬ್ಲಾಯ್ಡ್‌ಗಳಲ್ಲಿ ಅದು ಡೊಂಕು ಬಾಳೆಹಣ್ಣಿಗೆ ನಿಷೇಧ ಎಂದಾಯಿತು! ಇಂಥದ್ದು ದಿನಾ ಒಂದು ತೊಟ್ಟು. ಒಕ್ಕೂಟದ ಬ್ರಸೆಲ್ಸ್ ಕಚೇರಿಯಲ್ಲಿ ಏನು ನಡೆಯುತ್ತದೆ ಅಂತ ನೋಡಿ ಬಂದ ಅಣ್ಣ ಯಾರ ಮನೆಯಲ್ಲೂ ಇರಲಿಲ್ಲ.

ಲಿವರ್‌ಪೂಲ್ ಮಾತ್ರ ಆ ತೊಟ್ಟಿನಿಂದ ದೂರ ಉಳಿಯಿತು. ಹಿಲ್ಸ್‌ಬರೋ ಕಾರಣಕ್ಕೆ, ಯುರೋಪಿನ ಕಾರಣಕ್ಕಲ್ಲ. ಸಂಶೋಧಕರಿಗೆ ಇಂಥ ಅವಕಾಶ ಸುಮ್ನೆ ಸಿಗುವುದಿಲ್ಲ. ಫ್ಲೋರಿಯನ್ ಫೂಸ್ ಮತ್ತು ಡೇನಿಯಲ್ ಬಿಶೋಫ್ ಹಳೆಯ ಸಮೀಕ್ಷೆಗಳನ್ನು ಹಿಡಿದು, 1989ಕ್ಕೆ ಮುಂಚೆ ಮತ್ತು ಆಮೇಲೆ ಆ ಪ್ರದೇಶದ ಜನರ ಅಭಿಪ್ರಾಯವನ್ನು ಬೇರೆ ಕಡೆಯವರ ಜೊತೆ ಹೋಲಿಸಿದರು. ಪತ್ರಿಕೆ ಬಿಟ್ಟ ಕಡೆ ಯುರೋಪಿನ ಮೇಲಿನ ಸಿಟ್ಟು ಕಮ್ಮಿಯಾಗಿತ್ತು. ಬ್ರಿಟನ್ ಒಕ್ಕೂಟದಲ್ಲಿ ಉಳಿಯಬೇಕಾ ಹೊರಬರಬೇಕಾ ಅನ್ನುವ 2016ರ ಬ್ರೆಕ್ಸಿಟ್ ಮತದಾನದಲ್ಲಿ ದೇಶದ ಶೇ 51.9ರಷ್ಟು ಮತ ಹೊರಬರಬೇಕು ಎಂದಿತು. ಲಿವರ್‌ಪೂಲ್ ನಗರದಲ್ಲಿ ಶೇ 58.2ರಷ್ಟು ಮತ ಉಳಿಯಬೇಕು ಎಂದಿತು. ಇಷ್ಟಕ್ಕೂ ಪತ್ರಿಕೆಯೊಂದೇ ಕಾರಣ ಅಲ್ಲ, ಆ ಊರಿನ ರಾಜಕೀಯವೇ ಬೇರೆ. ಆದರೂ ಪತ್ರಿಕೆಯ ಪಾಲು ಇತ್ತು ಅನ್ನುವುದನ್ನು ತಳ್ಳಿಹಾಕಲಾಗದು.

ಅದೇ ಬ್ರೆಕ್ಸಿಟ್ ಹೊತ್ತಿನಲ್ಲಿ 'ಸನ್' ಹೊರಬನ್ನಿ ಅಂದರೆ, 'ಟೈಮ್ಸ್' ಉಳಿಯಿರಿ ಅಂದಿತು. ಮಾಲೀಕರು ಒಬ್ಬರೇ! ಉಳ್ಳವರು ಓದುವ ಪತ್ರಿಕೆಗೆ ಒಂದು ಮಾತು, ದುಡಿಯುವವರು ಓದುವ ಪತ್ರಿಕೆಗೆ ಇನ್ನೊಂದು. ಓದುಗನಿಗೆ ತಕ್ಕ ಮಾತು ಅನ್ನುವ ಬಹುತ್ವವಾದಿಗಳಿಗೆ ಇಲ್ಲಿ ಒಂದು ಅಂಕ ಕೊಡಲೇಬೇಕು.

[ದೃಶ್ಯ: ಕರ್ನಾಟಕದ ಒಂದು ಮನೆ, ಸಂಜೆ, ಓಡುತ್ತಿರುವ ಟಿವಿ.]

ಮರ್ಡಾಕ್ ದೂರದವರು ಅಂದುಕೊಂಡಿರಾ? 2008ರಲ್ಲಿ ಅವರ ಸ್ಟಾರ್ ಕಂಪನಿ ನಮ್ಮ ಸುವರ್ಣ ಮನರಂಜನೆ ಚಾನೆಲ್‌ನಲ್ಲಿ ಪಾಲು ತೆಗೆದುಕೊಂಡಿತು. ಸುವರ್ಣ ನ್ಯೂಸ್ ಬೇರೆ, ಅದು ಈ ಲೆಕ್ಕದಲ್ಲಿ ಇಲ್ಲ. 2019ರಲ್ಲಿ ಸ್ಟಾರ್ ಡಿಸ್ನಿ ಪಾಲಾಯಿತು. 2024ರ ನವೆಂಬರ್‌ನಲ್ಲಿ ರಿಲಯನ್ಸ್ ಜೊತೆ ಒಂದಾಯಿತು. ಹಾಗಾಗಿ ಸ್ಟಾರ್ ಸುವರ್ಣ ಮತ್ತು ರಿಲಯನ್ಸ್ ಬಳಗದ ಕಲರ್ಸ್ ಕನ್ನಡ ಒಂದೇ ಸೂರಿನಡಿ ಬಂದವು. ರಿಮೋಟಿನಲ್ಲಿ ಅವಕ್ಕೆ ಬೇರೆ ಬೇರೆ ನಂಬರು.

[ದೃಶ್ಯ: ಕನ್ನಡ ದಿನಪತ್ರಿಕೆಯ ಕೊನೆಯ ಪುಟ, ಬೆರಳು ತಳದ ಸಾಲಿನ ಮೇಲೆ.]

ಮನೆಯಲ್ಲಿ ಇವತ್ತಿನ ಪೇಪರ್ ಇದ್ದರೆ ತಳದ ಸಣ್ಣ ಅಕ್ಷರ ನೋಡಿ. ಮುದ್ರಕರು, ಪ್ರಕಾಶಕರು, ಸಂಪಾದಕರು, ಎಲ್ಲಿ ಅಚ್ಚಾಯಿತು, ಎಲ್ಲ ಇರುತ್ತದೆ. ಪತ್ರಿಕೆಗಳ ನೋಂದಣಿಯ 1956ರ ನಿಯಮದಲ್ಲಿ ಇನ್ನೂ ಒಂದು ಇತ್ತು. ವರ್ಷಕ್ಕೊಮ್ಮೆ, ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ, ಬಂಡವಾಳದಲ್ಲಿ ಶೇ 1ಕ್ಕಿಂತ ಹೆಚ್ಚು ಪಾಲಿರುವವರ ಹೆಸರನ್ನೂ ಅಚ್ಚು ಹಾಕಬೇಕಿತ್ತು. ಹಳೇ ಪೇಪರ್ ಕಟ್ಟಿನಲ್ಲಿ ಮಾರ್ಚ್ ತಿಂಗಳದ್ದು ಸಿಕ್ಕರೆ 'ನಮೂನೆ 4' ಅಂತ ಹುಡುಕಿ. ಟಿವಿ ಪರದೆಯ ಮೂಲೆಯಲ್ಲಿ ಇರುವುದು ಲೋಗೋ ಒಂದೇ.