ಅರ್ಥ ಆಗ್ಲಿಲ್ವಾ, ಬಾಟ್ ಕೇಳ್ಲಿ

ಕೇಳುಗರಿಗೆಲ್ಲ ನಮಸ್ಕಾರ. ಬೆಂಗಳೂರಿನವರಿಗೆ ಚಾಟ್‌ಬಾಟ್ ಹೊಸದೇನಲ್ಲ, 2022ರ ರಾಜ್ಯೋತ್ಸವದಿಂದ ನಮ್ಮ ಮೆಟ್ರೋ ಟಿಕೆಟ್ಟೇ ವಾಟ್ಸಾಪ್ ಬಾಟಲ್ಲಿ ಸಿಗ್ತಿದೆ. ಮೆನು ಇದ್ದು ಆರಿಸ್ಕೊಳ್ಳೋ ಕಡೆ ಕೆಲಸ ಸಲೀಸು, ಜನ ತಮಗೆ ತೋಚಿದ ಹಾಗೆ ಟೈಪ್ ಮಾಡೋ ಕಡೆ ನೋಡಿ, ಕಷ್ಟ ಇರೋದು ಅಲ್ಲೇ.

ಕರೆಂಟ್ ಕಂಪ್ಲೇಂಟ್ ತಗೊಳ್ಳೋ ಬಾಟ್ ಒಂದನ್ನ ಮಾಡ್ತಿದೀವಿ ಅಂತಿಟ್ಕೊಳ್ಳಿ. ಯಾರೋ ಒಬ್ರು "ಕರೆಂಟ್ ಜಾಸ್ತಿ ಬಂದಿದೆ" ಅಂತ ಹಾಕ್ತಾರೆ. ಬಿಲ್ ಜಾಸ್ತಿ ಬಂತಾ, ಇಲ್ಲಾ ವೋಲ್ಟೇಜ್ ಏರಿ ಫ್ರಿಜ್ಜು ಸುಟ್ಟೋಗೋ ಹಾಗಿದ್ಯಾ? ಕೇಳೋರಿಗೆ ಏನು ಬೇಕೋ ಅದಕ್ಕೆ ಇಂಟೆಂಟ್ ಅಂತೀವಿ, ಒಂದೊಂದು ಇಂಟೆಂಟಿಗೂ ಬಾಟ್ ಒಳಗೊಳಗೇ ಇದೇ ಇರ್ಬೇಕು ಅಂತ ಎಷ್ಟು ಖಾತ್ರಿ ಅನ್ನೋದಕ್ಕೆ 0ಯಿಂದ 1ರೊಳಗೆ ಒಂದು ಸ್ಕೋರ್ ಹಾಕತ್ತೆ, ಬಿಲ್ಲಿಗೆ 0.48, ವೋಲ್ಟೇಜಿಗೆ 0.44 ಅಂತ ಬಂತು ಅಂದ್ರೆ ಎಷ್ಟೋ ಕಡೆ ದೊಡ್ಡದನ್ನೇ ಹಿಡ್ಕೊಂಡು ಉತ್ತರ ಕೊಟ್ಬಿಡ್ತಾರೆ. ಹಾಗೆ ಮಾಡ್ಲೇಬಾರದು. "ಬಿಲ್ ವಿಷ್ಯಾನಾ, ವೋಲ್ಟೇಜ್ ವಿಷ್ಯಾನಾ?" ಅಂತ ಒಂದೇ ಒಂದು ಪ್ರಶ್ನೆ ಕೇಳಿದ್ರೆ ಸಾಕು. "ಕ್ಷಮಿಸಿ, ಅರ್ಥವಾಗಲಿಲ್ಲ, ಮತ್ತೊಮ್ಮೆ ಹೇಳಿ" ಅಂದ್ರೆ ಪಾಪ ಅವರು ಏನಂತ ಬದಲಾಯಿಸಿ ಹೇಳ್ಬೇಕು?

ಆದ್ರೆ ಎಲ್ಲದಕ್ಕೂ ಪ್ರಶ್ನೆ ಕೇಳ್ತಾ ಕೂರೋದೂ ಅಪಾಯ. "ರೋಡಲ್ಲಿ ವೈರ್ ಬಿದ್ದಿದೆ ಸರ್" ಅನ್ನೋ ಥರದ್ದು ಬಂದಾಗ ಸ್ಕೋರ್ 0.3 ಇದ್ರೂ ಸರಿ, ಆರ್‌ಆರ್ ನಂಬರ್ ಗೀರ್ ನಂಬರ್ ಕೇಳ್ದೆ ಮೊದ್ಲು "ಹತ್ರ ಹೋಗ್ಬೇಡಿ, 1912ಕ್ಕೆ ಫೋನ್ ಮಾಡಿ" ಅನ್ಬೇಕು. ದುಡ್ಡು ಕಟ್ಟೋ ವಿಷ್ಯಕ್ಕೆ ಇದರ ಉಲ್ಟಾ, 0.95 ಇದ್ರೂ ಒಂದ್ಸಲ ಕನ್ಫರ್ಮ್ ಮಾಡ್ಕೊಂಡೇ ಮುಂದಕ್ಕೆ ಹೋಗ್ಬೇಕು. ತಪ್ಪಾದ್ರೆ ಏನಾಗತ್ತೆ ಅನ್ನೋದರ ಮೇಲೆ, ಎಷ್ಟು ಸ್ಕೋರ್ ಬಂದ್ರೆ ಕೇಳದೆ ಮುಂದೆ ಹೋಗ್ಬಹುದು ಅನ್ನೋ ಗಡಿ ಹಾಕ್ಬೇಕೇ ಹೊರತು ಎಲ್ಲಾ ಇಂಟೆಂಟಿಗೂ ಒಂದೇ ಗಡಿ ಸಲ್ಲ.

ಇನ್ನು ಬಾಟ್‌ಗೆ ಕಲಿಸೋಕೆ ಕೊಡೋ ಉದಾಹರಣೆ ವಾಕ್ಯಗಳು. "ವಿದ್ಯುತ್ ವ್ಯತ್ಯಯವಾಗಿದೆ" ಅಂತ ನಮ್ಮಲ್ಲಿ ಯಾರು ಟೈಪ್ ಮಾಡ್ತಾರೆ ಹೇಳಿ! "ಕರೆಂಟ್ ಹೋಯ್ತು", "ಪವರ್ ಇಲ್ಲ ಗುರು", "ಬೆಳಿಗ್ಗೆಯಿಂದ ಲೈಟಿಲ್ಲ ಮೇಡಂ", ಅದೂ ಅರ್ಧ ಜನ ಇಂಗ್ಲಿಷ್ ಅಕ್ಷರದಲ್ಲಿ, ಒಬ್ಬೊಬ್ರದು ಒಂದೊಂದು ಸ್ಪೆಲ್ಲಿಂಗು. ಆಫೀಸಲ್ಲಿ ಕೂತು ಬರೆದ ಕನ್ನಡ ಕೊಟ್ಟು ಕಲಿಸಿದ್ರೆ ಬಾಟ್‌ಗೆ ಊರಿನ ಮಾತು ತಿಳಿಯೋದಾದ್ರೂ ಹೇಗೆ?

1966ರಲ್ಲಿ ಜೋಸೆಫ್ ವೈಜೆನ್‌ಬಾಮ್ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮಾಡಿದ ಎಲೈಜಾ ಅನ್ನೋ ಹಳೇ ಚಾಟ್‌ಬಾಟ್, ಗುರುತಿನ ಪದ ಸಿಗದಿದ್ರೆ "ಮುಂದುವರಿಸಿ" ಅನ್ನೋ ಥರ ಏನೋ ಹೇಳಿ ಮಾತು ಸಾಗಿಸ್ತಿತ್ತು. ಬರೀ ಹರಟೆಗೆ ಅದು ನಡೆಯತ್ತೆ, ಕತ್ತಲಲ್ಲಿ ಕೂತಿರೋರ ಹತ್ರ ನಡೆಯಲ್ಲ. ಎರಡು ಸಲ ಕೇಳಿದ್ರೂ ತಿಳೀಲಿಲ್ಲ ಅಂದ್ರೆ ಮನುಷ್ಯರಿಗೆ ದಾಟಿಸ್ಬೇಕು, ಅಲ್ಲೀವರೆಗಿನ ಚಾಟ್ ಸಮೇತ, ಅವರು ಮತ್ತೆ ಮೊದಲಿಂದ ಹೇಳೋ ಹಾಗಾಗ್ಬಾರದು. ಹಾಗೆ ದಾಟಿಸಿದ ಮೆಸೇಜುಗಳನ್ನ ವಾರಕ್ಕೊಂದ್ಸಲ ಕೂತು ಓದಿ, ಯಾವ ಇಂಟೆಂಟಿಗೆ ಸೇರತ್ತೋ ಅಲ್ಲಿಗೆ ಸೇರಿಸ್ತಾ ಹೋಗ್ಬೇಕು.