ನೂಕ್‌ನಲ್ಲಿ ಕೊತ್ತಂಬರಿ ಸೊಪ್ಪು, ಮತ್ತೆ ನಾಲ್ಕು ಪಕ್ಷದ ಸರ್ಕಾರ

ಗಾಳಿ ಸದ್ದು ಜಾಸ್ತಿ ಬರುತ್ತಿದೆ, ಸ್ವಲ್ಪ ಸಹಿಸಿಕೊಳ್ಳಿ. ಹಿಂದೆ ಕಾಣುತ್ತಿರುವುದು ಗ್ರೀನ್‌ಲ್ಯಾಂಡ್‌ನ ರಾಜಧಾನಿ ನೂಕ್. ಗ್ರೀನ್‌ಲ್ಯಾಂಡ್ ಅಂದರೆ ಡೆನ್ಮಾರ್ಕ್‌ಗೆ ಸೇರಿದ್ದರೂ ಒಳಾಡಳಿತ ತಾನೇ ನೋಡಿಕೊಳ್ಳುವ ದ್ವೀಪ.

ಇಲ್ಲಿನ ಸಂಪುಟದ ಬಗ್ಗೆ ಹೇಳುತ್ತೇನೆ ಅಂದಿದ್ದೆ. ಅದಕ್ಕೆ ಮೊದಲು ಈ ಕವರ್ ನೋಡಿ. ಕೊತ್ತಂಬರಿ ಸೊಪ್ಪು, 30 ಕ್ರೋನ್! ನಮ್ಮ ದುಡ್ಡಲ್ಲಿ ಹತ್ತಿರ ಹತ್ತಿರ 400 ರೂಪಾಯಿ. ಎಣಿಸಿದೆ, ಹನ್ನೊಂದು ಕಡ್ಡಿ, ಅದರಲ್ಲಿ ನಾಲ್ಕು ಬಾಡಿವೆ. ಊರಲ್ಲಿ ತರಕಾರಿ ತಗೊಂಡರೆ ಸುಮ್ನೆ ಮೇಲೆ ಹಾಕಿಕೊಡುವ ಸೊಪ್ಪು ಕಣ್ರೀ ಇದು. ಬಾಡಿದ್ದನ್ನು ಅಂಗಡಿಯವರಿಗೆ ತೋರಿಸಿದೆ. ಅವರು ಸೊಪ್ಪನ್ನು ನೋಡಿದರು, ನನ್ನನ್ನು ನೋಡಿದರು, ಬಿಲ್ ಕೊಟ್ಟರು. ಹಡಗಲ್ಲೋ ವಿಮಾನದಲ್ಲೋ ಬರಬೇಕು, ಗೊತ್ತು, ಆದರೂ ಹೊಟ್ಟೆ ಉರಿಯುತ್ತೆ.

ಹಾಂ, ಸರ್ಕಾರ. 2025ರ ಮಾರ್ಚ್ ಚುನಾವಣೆಯಲ್ಲಿ ಇಲ್ಲಿನ ಸಂಸತ್ತಿನ 31 ಸೀಟಿನಲ್ಲಿ ಡೆಮೊಕ್ರಾಟಿಟ್ ಪಕ್ಷ 10 ಗೆದ್ದಿತು. ಪ್ರಧಾನಿಯಾದವರು ಅದರ ನಾಯಕ ಯೆನ್ಸ್ ಫ್ರೆಡರಿಕ್ ನೀಲ್ಸನ್, ಆಗ ವಯಸ್ಸು 33, ಬ್ಯಾಡ್ಮಿಂಟನ್ ಚಾಂಪಿಯನ್ ಬೇರೆ. 7 ಸೀಟಿನ ಇನುಯಿಟ್ ಅತಾಕತಿಗೀಟ್ ಒಂದನ್ನೇ ಸೇರಿಸಿಕೊಂಡಿದ್ದರೂ ಬಹುಮತ ಆಗುತ್ತಿತ್ತು. ಆದರೂ ಸಿಯುಮುತ್ (4), ಅತಸ್ಸುತ್ (2) ಕೂಡ ಒಳಗೆ ಬಂದವು, ಒಟ್ಟು 23. ಇಷ್ಟು ಜನ ಯಾಕಪ್ಪಾ, ಖಾತೆ ಹಂಚುವುದೇ ತಲೆನೋವು ಅಂತ ಮೊದಲು ಅನ್ನಿಸಿತ್ತು. ಆಮೇಲೆ ತಾರೀಕು ನೋಡಿದೆ. ಮೈತ್ರಿಗೆ ಸಹಿ ಬಿದ್ದಿದ್ದು ಮಾರ್ಚ್ 28ಕ್ಕೆ, ಅವತ್ತೇ ಅಮೆರಿಕದ ಉಪಾಧ್ಯಕ್ಷ ವ್ಯಾನ್ಸ್ ಈ ದ್ವೀಪದಲ್ಲೇ ಇರುವ ಅಮೆರಿಕದ ಪಿಟುಫಿಕ್ ಸೇನಾ ನೆಲೆಗೆ ಬಂದಿದ್ದರು. ಟ್ರಂಪ್ ಈ ದ್ವೀಪ ಬೇಕು ಅಂತ ಕೂತಿರುವಾಗ ಒಗ್ಗಟ್ಟು ಬೇಕಿತ್ತು, ಒಪ್ಪಿಕೊಂಡೆ.

ಸೋತ ಪ್ರಧಾನಿ ಮೂಟೆ ಎಗೆಡೆಗೆ ಹಣಕಾಸು ಖಾತೆ ಕೊಟ್ಟರು ನೋಡಿ, ಅದು ನನಗೆ ಬಹಳ ಹಿಡಿಸಿತು. ವಿದೇಶಾಂಗ ಆಗ ಸಿಯುಮುತ್‌ನ ವಿವಿಯನ್ ಮೊಟ್ಸ್‌ಫೆಲ್ಟ್‌ಗೆ ಹೋಯಿತು. ವಿದೇಶ ನೀತಿ, ರಕ್ಷಣೆಯ ಕೊನೆ ಮಾತು ಡೆನ್ಮಾರ್ಕ್‌ದೇ ಅನ್ನೋದು ಬೇರೆ ವಿಷಯ. ಗಣಿ, ಇಂಧನ, ನ್ಯಾಯ ಮೂರೂ ನಾಯಾ ನಥಾನಿಯೆಲ್ಸನ್ ಒಬ್ಬರಿಗೇ ಸಿಕ್ಕಿದ್ದವು. ಜನಸಂಖ್ಯೆಯೇ 57 ಸಾವಿರದ ಆಸುಪಾಸು, ಸಂಪುಟ ಚಿಕ್ಕದೇ ಇರಬೇಕಲ್ವಾ.

ಆದರೆ ಒಗ್ಗಟ್ಟು ಅಂತ ಈಗಷ್ಟೇ ಹೊಗಳಿದೆ, 8 ಸೀಟು ಗೆದ್ದು ಎರಡನೇ ಸ್ಥಾನಕ್ಕೆ ಬಂದ ನಲೆರಾಕ್ ಹೊರಗೇ ಉಳಿಯಿತು. ಅವರಿಗೆ ಸ್ವಾತಂತ್ರ್ಯ ಬೇಗ ಬೇಕು. ಮಾತಾಡಿ ಒಪ್ಪಿಸಬೇಕಿತ್ತೋ ಏನೋ, ಅಥವಾ ವಿರೋಧ ಪಕ್ಷ ಅಂತ ಒಂದಾದರೂ ಇರಲಿ ಬಿಡಿ—

ಅಯ್ಯೋ, ಚಳಿಗೆ ಬ್ಯಾಟರಿ ಇಳಿದೇ ಹೋಯಿತು. ರೂಮಿಗೆ ಹೋಗೋಣ, ಸಾರಿಗೆ ಏಳು ಕಡ್ಡಿ ಸಾಕು.